ಎರಡನೇ ಅಳತೆ

ಎರೆ ಹೊಲದಲ್ಲಿ ಹುಗಿದ ಬಾಂದುಗಲ್ಲು ಹತ್ತು ಮಳೆಗಾಲ ಕಳೆದ ಮೇಲೂ ನೆಟ್ಟಗೆ ನಿಂತಿರುವುದು ಅಪರೂಪ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣು, ಮಳೆ ಬಿದ್ದ ಕೂಡಲೇ ನೀರು ಕುಡಿದು ಉಬ್ಬುತ್ತದೆ. ವರ್ಷವರ್ಷವೂ ಹೀಗೆ ಒಡೆದು ಕೂಡುವ ನೆಲ ಕಲ್ಲನ್ನು ಒಂದು ಮಗ್ಗುಲಿಗೆ ವಾಲಿಸುತ್ತದೆ, ಕೆಲವೊಮ್ಮೆ ಹೊರಗೇ ತಳ್ಳುತ್ತದೆ. ಸಾವಳಗಿ ಸುತ್ತಲಿನ ಹೊಲಗಳಿಗೆ ಅಳತೆಗೆ ಹೋದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತಿತ್ತು: "ಸಾಹೇಬ್ರ, ಕಲ್ಲ ನಾ ಮುಟ್ಟಿಲ್ರಿ. ಎರಿ ಐತಿ, ತಾನ ಸರದೈತಿ ನೋಡ್ರಿ." ಪಕ್ಕದ ಹೊಲದವನು ಅದನ್ನು ನಂಬುತ್ತಿರಲಿಲ್ಲ. ಇಬ್ಬರಲ್ಲಿ ಯಾರದು ಖರೆ ಎಂದು ಹೇಳುವುದಕ್ಕೆ ನಮಗಿದ್ದದ್ದು ಒಂದೇ ದಾರಿ. ಹಳೇ ಟಿಪ್ಪಣಿ ತೆಗೆದು, ಅದರಲ್ಲಿ ಬರೆದಿಟ್ಟ ಸರಪಳಿ, ಆಣೆಗಳನ್ನು ಅದೇ ಜಾಗದಲ್ಲಿ ಮತ್ತೆ ಎಳೆಯುವುದು.

ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ನನ್ನ ದುಡಿಮೆಯ ಕಾಲವೆಲ್ಲ ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳ ಹೊಲಗಳಲ್ಲೇ ಕಳೆಯಿತು. ನಿವೃತ್ತಿಯಾದ ಮೇಲೆ, ಉಪಗ್ರಹದ ರಡಾರಿನಿಂದ ನೆಲದ ಸರಿದಾಟ ಅಳೆಯುವ ವಿದ್ಯೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಭೂಕಂಪದ ಹಿಂದೆಮುಂದೆ ನೆಲ ಎಷ್ಟು ಎದ್ದಿತು, ಎಷ್ಟು ಕುಸಿಯಿತು, ಯಾವ ಕಡೆ ಜರುಗಿತು ಎಂದು ನೂರಾರು ಕಿಲೋಮೀಟರ್ ಎತ್ತರದಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುವ ವಿದ್ಯೆ ಅದು. ಓದುತ್ತ ಹೋದಂತೆ ಇದು ನಮ್ಮ ಕಸುಬಿನ ಮುಂದುವರಿಕೆಯೇ ಎಂಬುದು ಖಾತ್ರಿಯಾಯಿತು. ಅಲ್ಲಿಯೂ ನಡೆಯುವುದು ಮರು ಅಳತೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ನೆಲ ತನ್ನ ಸುದ್ದಿ ಹೇಳುತ್ತದೆ. ಆದ್ದರಿಂದ ಈ ವಿದ್ಯೆಯ ಚರಿತ್ರೆಯನ್ನು ನಾನು ಸರಪಳಿಯಿಂದಲೇ ಶುರು ಮಾಡಬೇಕು.

ಮುಂಬಯಿ ಪ್ರಾಂತದ ಮೋಜಣಿ ಪದ್ಧತಿ ಹುಟ್ಟಿದ್ದು ಪುಣೆ ಸೀಮೆಯ ಇಂದಾಪುರದಲ್ಲಿ, 1830ರ ದಶಕದ ನಡುವಿನಲ್ಲಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಅದನ್ನು ಕಟ್ಟಿದರು. ಮುಂದಿನ ದಶಕದಲ್ಲಿ ವಿಂಗೇಟ್ ಅದನ್ನು ಧಾರವಾಡ, ಬೆಳಗಾವಿ ಸೀಮೆಗೆ ತಂದ. ನಮ್ಮ ಸರಪಳಿ 33 ಅಡಿಯದು. ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ನೆಲವೆಂದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಆ ಲೆಕ್ಕದ ಟಿಪ್ಪಣಿಗಳನ್ನು, ಆಕಾರಬಂದ್‌ಗಳನ್ನು, ಮೋಡಿ ಲಿಪಿಯ ಷರಾಗಳನ್ನು ನಾನು ಬಿಡಿಸಿ ಬಿಡಿಸಿ ಓದಿದ್ದೇನೆ. ಬರೆದವನ ಕೈ ಎಂಥ ಬಿಸಿಲಲ್ಲಿ ಬರೆದಿರಬೇಕು ಎಂದು ಕಾಗದ ನೋಡಿದರೇ ಗೊತ್ತಾಗುತ್ತದೆ.

ಇದು ಹೊಲದ ಅಳತೆ. ಇದರ ಮೇಲಿನದು ದೇಶದ ಅಳತೆ. ಟಿಪ್ಪು ಬಿದ್ದ ಮರುವರ್ಷವೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದ. 1802ರ ಏಪ್ರಿಲಿನಲ್ಲಿ ಮದ್ರಾಸಿನಲ್ಲಿ ಮತ್ತೊಂದನ್ನು ಅಳೆಯಲು ತೊಡಗಿದ. ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ, ಗೋಪುರದಿಂದ ಗೋಪುರಕ್ಕೆ ಅರ್ಧ ಟನ್ ತೂಕದ ಥಿಯೋಡೊಲೈಟ್ ಹೊತ್ತುಕೊಂಡು ತ್ರಿಕೋನಗಳನ್ನು ಹೆಣೆಯುತ್ತ ಹೋದದ್ದೇ ಮಹಾ ತ್ರಿಕೋನಮಿತಿ ಮೋಜಣಿ. ಆ ಜನ ನೆಲ ಅಲುಗುವುದೆಂದು ಅಳೆದವರಲ್ಲ. ನೆಲ ಅಲುಗದು ಎಂಬ ನಂಬಿಕೆಯ ಮೇಲೆಯೇ ಇಡೀ ಜಾಲ ನಿಂತಿತ್ತು. ನಮ್ಮ ಬಾಂದುಗಲ್ಲಿನ ಕಾನೂನೂ ಅದೇ ನಂಬಿಕೆಯದು.

ಆ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಕಛ್‌ನಲ್ಲಿ. 1819ರ ಜೂನ್ 16ರ ಭೂಕಂಪದಲ್ಲಿ ರಣದ ಬಯಲಿನ ನಡುವೆ ಸುಮಾರು 90 ಕಿಲೋಮೀಟರ್ ಉದ್ದಕ್ಕೆ ನೆಲ ದಿಬ್ಬವಾಗಿ ಎದ್ದಿತು. ಎತ್ತರ ಕೆಲವೆಡೆ 6 ಮೀಟರ್. ಅದರ ದಕ್ಷಿಣಕ್ಕಿದ್ದ ಸಿಂದ್ರಿ ಕೋಟೆ ನೀರಲ್ಲಿ ಮುಳುಗಿತು. ಮನುಷ್ಯ ಕಟ್ಟದ ಆ ಒಡ್ಡಿಗೆ ಅಲ್ಲಿನ ಜನ ಅಲ್ಲಾ ಬಂದ್ ಎಂದು ಹೆಸರಿಟ್ಟರು. ಅದನ್ನು ಕಣ್ಣಿಂದಲೇ ನೋಡಬಹುದಿತ್ತು, ಅಳತೆ ಬೇಕಿರಲಿಲ್ಲ. ಅಳತೆ ಬೇಕಾದದ್ದು 1897ರಲ್ಲಿ. ಆ ವರ್ಷದ ಜೂನ್ 12ರಂದು ಅಸ್ಸಾಮಿನಲ್ಲಿ ಭಾರಿ ಭೂಕಂಪವಾಯಿತು. ಹಿಂದೆ ತ್ರಿಕೋನ ಬಿಂದುಗಳನ್ನು ಗುರುತಿಸಿದ್ದ ಶಿಲ್ಲಾಂಗ್ ಗುಡ್ಡಗಳ ಮೇಲೆ ಮೋಜಣಿಯವರು ಭೂಕಂಪದ ನಂತರ ಮತ್ತೆ ಹತ್ತಿ ಅಳೆದರು. ಬಿಂದುಗಳು ಹಳೇ ಜಾಗದಲ್ಲಿರಲಿಲ್ಲ. ಅದರ ಪೂರ್ತಿ ಅರ್ಥ ಆಗ ಹೊಳೆಯಲಿಲ್ಲ, ಅಂಕಿಗಳು ದಫ್ತರದಲ್ಲಿ ಉಳಿದವು. ಒಂದು ನೂರು ವರ್ಷ ಕಳೆದ ಮೇಲೆ, 2001ರಲ್ಲಿ, ರೋಜರ್ ಬಿಲ್‌ಹ್ಯಾಮ್ ಮತ್ತು ಫಿಲಿಪ್ ಇಂಗ್ಲೆಂಡ್ ಎಂಬ ವಿಜ್ಞಾನಿಗಳು ಅವೇ ಅಂಕಿಗಳನ್ನು ಮತ್ತೆ ಬಿಡಿಸಿದರು. ನೆಲದೊಳಗೆ ಅಡಗಿದ್ದ, ಸುಮಾರು 110 ಕಿಲೋಮೀಟರ್ ಉದ್ದದ ಸ್ತರಭಂಗ, ಅಂದರೆ ಬಂಡೆಯ ಬಿರುಕು, ಜಾರಿ, ಶಿಲ್ಲಾಂಗ್ ಪ್ರಸ್ಥಭೂಮಿಯ ಉತ್ತರದಂಚು ಕನಿಷ್ಠ 11 ಮೀಟರ್ ಮೇಲೆ ನೆಗೆದಿತ್ತು ಎಂದು ಅವರು ತೋರಿಸಿದರು. ಅಲ್ಲೊಂದು ಸ್ತರಭಂಗವಿದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಹೆಸರೇ ಗೊತ್ತಿಲ್ಲದ ಖಲಾಸಿಗಳು ಉಪಕರಣ ಹೊತ್ತು, ಗುಮಾಸ್ತರು ಅಂಕಿ ಬರೆದಿಟ್ಟ ಹಳೇ ಪುಸ್ತಕದಿಂದ ಇದು ಹೊರಬಂತು. ನಮ್ಮ ಕಸುಬಿನ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನಗೆ ಇದಕ್ಕಿಂತ ದೊಡ್ಡ ಹೆಮ್ಮೆ ತಂದ ಸಂಗತಿ ಇನ್ನೊಂದಿಲ್ಲ.

ಭೂಕಂಪ ಏಕಾಗುತ್ತದೆ ಎಂಬ ತಿಳುವಳಿಕೆಯೂ ಮೋಜಣಿಯವರ ಅಂಕಿಗಳಿಂದಲೇ ಬಂದದ್ದು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಹಿಂದುಮುಂದಿನ ತ್ರಿಕೋನ ಅಳತೆಗಳನ್ನು ಹೋಲಿಸಿ ಹ್ಯಾರಿ ರೀಡ್ ಎಂಬ ವಿಜ್ಞಾನಿ ಹೇಳಿದ್ದು ಇಷ್ಟು: ಭೂಕಂಪದ ದಿನ ನೆಲ ಒಮ್ಮೆಲೇ ಓಡುವುದು ಹೌದು, ಆದರೆ ಅದಕ್ಕೆ ಮೊದಲು ದಶಕಗಟ್ಟಲೆ ಅದು ಒಳಗೊಳಗೇ ಬಾಗುತ್ತ ಬಂದಿರುತ್ತದೆ. ತಡೆಯಲಾರದಷ್ಟು ಬಾಗಿದಾಗ ಸ್ತರಭಂಗದಲ್ಲಿ ಮುರಿದು, ಎರಡೂ ಕಡೆಯ ಬಂಡೆ ಸೆಟೆದು ನೆಟ್ಟಗಾಗುತ್ತದೆ. ಬಾಗುವಿಕೆ ನಿಧಾನದ್ದು, ಕಣ್ಣಿಗೆ ಕಾಣದು. ಕಾಣಬೇಕಾದರೆ ಮತ್ತೆ ಮತ್ತೆ ಅಳೆಯಬೇಕು.

ನಮ್ಮ ಸೀಮೆಯಲ್ಲಿ ಇದನ್ನೆಲ್ಲ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂವಿವರಣೆ ಅಚ್ಚು ಹಾಕಿಸಿದಾಗ ಇಲ್ಲಿನ ಕಲ್ಲುಗಳೆಲ್ಲ ಲೆಕ್ಕಕ್ಕೆ ಸಿಕ್ಕಿದ್ದವು. ಬಾಗಲಕೋಟೆ ಕಡೆಯ ಕಲಾದಗಿ ಸಾಲಿನ ಬೆಣಚು, ಸುಣ್ಣದ ಕಲ್ಲು. ಉತ್ತರಕ್ಕೆ ಬಂದಂತೆ ಕರಿಕಲ್ಲು, ಅಂದರೆ ಆರೂವರೆ ಕೋಟಿ ವರ್ಷದ ಹಿಂದೆ ಹರಿದು ಹೆಪ್ಪಾದ ಲಾವಾ. ಅದರ ಮೇಲೆ ನಮ್ಮ ಎರೆ. ಇಷ್ಟು ಹಳೆಯ, ಇಷ್ಟು ಗಟ್ಟಿ ನೆಲಕ್ಕೆ ಭೂಕಂಪದ ಭಯವಿಲ್ಲ ಎಂದೇ ಓದಿದವರೂ ನಂಬಿದ್ದರು. ಓದದವರಿಗೆ ವಿಜಯಪುರದ ಗೋಳಗುಮ್ಮಟವೇ ಸಾಕ್ಷಿಯಾಗಿತ್ತು. ಮುನ್ನೂರು ವರ್ಷ ಆ ಗುಮ್ಮಟ ನಿಂತಿದ್ದರೆ ನಮಗೇನಾದೀತು?

1967ರ ಡಿಸೆಂಬರ್ 11, ನಸುಕಿನ 4 ಗಂಟೆ 21 ನಿಮಿಷ. ಆಗ ನಾನಿನ್ನೂ ಸಾಲಿಗೆ ಹೋಗುವ ಹುಡುಗ. ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದೆವು. ಗ್ವಾದಲಿಯಲ್ಲಿ ಕಟ್ಟಿದ್ದ ಎತ್ತುಗಳು ಒಮ್ಮೆಲೇ ಎದ್ದು ನಿಂತು ಹಗ್ಗ ಜಗ್ಗತೊಡಗಿದವು. ಒಳಗೆ ಮಾಡದಲ್ಲಿಟ್ಟ ಹಿತ್ತಾಳೆ ತಂಬಿಗೆ ಉರುಳಿ ಬಿತ್ತು. ಬೆಕ್ಕು ಹಾದು ಹೋಗಿರಬೇಕೆಂದು ಅವ್ವ ಎದ್ದಳು. ಅಪ್ಪ ಮಾತ್ರ, "ಭೂಮಿ ನಡಗಾಕತ್ತೈತಿ, ಹೊರಗ ನಡೀರಿ" ಎಂದು ನಮ್ಮನ್ನೆಲ್ಲ ಅಂಗಳಕ್ಕೆ ದೂಡಿದ. ಮೇಲ್ಮುದ್ದೆಯ ಮಣ್ಣು ಜಂತಿಯ ಸಂದಿಯಿಂದ ಉದುರಿ ಹಾಸಿಗೆಯ ಮೇಲೆ ಬಿದ್ದಿತ್ತು. ಕೊಯ್ನಾದಲ್ಲಿ ಆದದ್ದು ಎಂದು ಆಮೇಲೆ ಸುದ್ದಿ ಬಂತು. ಪ್ರಮಾಣ 6.3. ಕೊಯ್ನಾನಗರದ ಕಟ್ಟಡಗಳು ಬಿದ್ದು ಸುಮಾರು 180 ಜನ ಸತ್ತಿದ್ದರು. ಅದು ನಮ್ಮಲ್ಲಿಂದ ನೇರ ಗೆರೆ ಎಳೆದರೆ 200 ಕಿಲೋಮೀಟರಿನಷ್ಟು ದೂರ.

ದೂರವೆಂದರೂ ಕೊಯ್ನಾ ನಮಗೆ ಹೊರಗಿನದಲ್ಲ. ಆ ಹೊಳೆ ಕರಾಡದಲ್ಲಿ ಕೃಷ್ಣೆಗೆ ಸೇರಿ, ಚಿಕ್ಕಪಡಸಲಗಿಯ ಮೇಲೆ ಹಾದು ಆಲಮಟ್ಟಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೊಯ್ನಾದಿಂದ ನೀರು ಬಿಡಿ ಎಂದು ನಮ್ಮವರು ಮಹಾರಾಷ್ಟ್ರವನ್ನು ಕೇಳುತ್ತಾರೆ. 103 ಮೀಟರ್ ಎತ್ತರದ ಆ ಅಣೆಕಟ್ಟಿನ ಹಿಂದೆ 1960ರ ದಶಕದ ಮೊದಲಲ್ಲಿ ನೀರು ನಿಲ್ಲಿಸತೊಡಗಿದ ಮೇಲೆಯೇ ಸಣ್ಣ ನಡುಕಗಳು ಶುರುವಾದವು. ನೀರಿನ ಭಾರ, ಬಂಡೆಯ ಬಿರುಕಿನೊಳಗೆ ಇಳಿದ ನೀರಿನ ಒತ್ತಡ, ಇವೆರಡೂ ಮೊದಲೇ ಬಿಗಿದು ನಿಂತಿದ್ದ ಸ್ತರಭಂಗವನ್ನು ಸಡಿಲಿಸಿದವು ಎಂದು ವಿಜ್ಞಾನಿಗಳು ವಿವರಿಸಿದರು. ಹರ್ಷ ಗುಪ್ತ ಮತ್ತು ಬಿ.ಕೆ. ರಸ್ತೋಗಿ 1976ರಲ್ಲಿ ಅಣೆಕಟ್ಟು ಮತ್ತು ಭೂಕಂಪಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅಲ್ಲಿ ನಡುಕ ಇಂದಿಗೂ ನಿಂತಿಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯ ಕರಾಡದಲ್ಲಿ ಪ್ರಯೋಗಾಲಯ ಕಟ್ಟಿ, 2017ರಲ್ಲಿ ಕೊಯ್ನಾ ಸೀಮೆಯ ಗೋಠಣೆಯಲ್ಲಿ 3 ಕಿಲೋಮೀಟರ್ ಆಳದ ಕೊಳವೆ ಕೊರೆಸಿತು. ಕರಿಕಲ್ಲಿನ ದಪ್ಪವೇ ಅಲ್ಲಿ 1200 ಮೀಟರಿಗೂ ಹೆಚ್ಚು.

ಆಮೇಲೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 4ರ ಹತ್ತಿರ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಜನ ಸೋತು ಮಲಗಿದ್ದರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ನಮ್ಮೂರಿನ ಮನೆಗಳೂ ಹಾಗೆಯೇ. ಸರ್ಕಾರಿ ಲೆಕ್ಕದಲ್ಲಿ ಸತ್ತವರು ಸುಮಾರು 8 ಸಾವಿರ, ಬೇರೆ ಲೆಕ್ಕಗಳಲ್ಲಿ ಅದಕ್ಕಿಂತ ಹೆಚ್ಚು. ಪ್ರಮಾಣ 6.2, ಅಂದರೆ ಕೊಯ್ನಾದಷ್ಟೇ. ಅದೂ ನಮ್ಮಲ್ಲಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್. ನಮ್ಮ ಓಣಿಯವರು ರೊಟ್ಟಿ, ಹಿಂಡಿ, ಕೌದಿ ಗಂಟು ಕಟ್ಟಿ ಲಾರಿಗೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಊರುಗಳ ಮತ್ತು ನಮ್ಮ ಊರಿನ ಮನೆಗಳಲ್ಲಿ ವ್ಯತ್ಯಾಸವಿಲ್ಲ ಎಂಬುದು ಗಂಟು ಕಟ್ಟಿದ ಪ್ರತಿ ಹೆಣ್ಣುಮಗಳಿಗೂ ಗೊತ್ತಿತ್ತು. ದೇಶದ ಭೂಕಂಪ ನಕಾಶೆಯಲ್ಲಿ ಕಿಲ್ಲಾರಿ ಇದ್ದದ್ದು 1ನೇ ವಲಯದಲ್ಲಿ, ಎಲ್ಲಕ್ಕಿಂತ ನಿರ್ಭಯದ ಜಾಗವೆಂದು ಗುರುತಾದಲ್ಲಿ. 2002ರ ಹೊಸ ನಕಾಶೆಯಲ್ಲಿ ಆ 1ನೇ ವಲಯವನ್ನೇ ತೆಗೆದುಹಾಕಿದರು.

ಸರ್ವೇಯರ್ ಕಣ್ಣಿಂದ ನೋಡಿದರೆ ಕಿಲ್ಲಾರಿಯಲ್ಲಿ ನನ್ನನ್ನು ಕಾಡುವುದು ಬೇರೆಯೇ ಒಂದು ಸಂಗತಿ. ಹೊಲಗಳ ನಡುವೆ ನೆಲ ಮುರಿದು ಸುಕ್ಕಾಗಿ ಎದ್ದಿತ್ತು. ಎತ್ತರ ಒಂದು ಮೀಟರಿಗೂ ಕಡಿಮೆ, ಉದ್ದ ಒಂದೆರಡು ಕಿಲೋಮೀಟರ್. ಮುಂದಿನ ಬಿತ್ತನೆಗೆ ಕುಂಟೆ ಹೊಡೆದರೆ ಗುರುತೇ ಉಳಿಯದಂಥದ್ದು. ವಿಜ್ಞಾನಿಗಳು ಅಲ್ಲಿ ಗುಂಡಿ ತೋಡಿದರು, 617 ಮೀಟರ್ ಆಳಕ್ಕೆ ಕೊಳವೆ ಕೊರೆದರು. 338 ಮೀಟರ್ ಕರಿಕಲ್ಲು ದಾಟಿದ ಮೇಲೆ ಹಳೇ ಬುನಾದಿ ಬಂಡೆ ಸಿಕ್ಕಿತು. ಸುಕ್ಕಿನ ಆಚೆಗೆ ಹತ್ತಾರು ಹಳ್ಳಿಗಳ ಹೊಲಗಳು ಎಷ್ಟೆಷ್ಟು ಎದ್ದವು, ಎಷ್ಟು ಇಳಿದವು ಎಂದು ತೋರಿಸಲು, ಆ ಹೊಲಗಳ ಎತ್ತರವನ್ನು ಹಿಂದೆ ಯಾರಾದರೂ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಟ್ಟಿರಬೇಕಿತ್ತು. ನಮ್ಮ ಮೋಜಣಿ ಹೊಲದ ಉದ್ದ ಅಗಲ ಬರೆಯಿತು, ಎತ್ತರ ಬರೆಯಲಿಲ್ಲ. ತೆರಿಗೆಗೆ ಅದು ಬೇಕಿರಲಿಲ್ಲ.

ಅದೇ ವರ್ಷದ ಜುಲೈ 8ರಂದು, ಕಿಲ್ಲಾರಿಗೆ ಸುಮಾರು ಮೂರು ತಿಂಗಳು ಮೊದಲು, 'ನೇಚರ್' ಪತ್ರಿಕೆಯ ಮುಖಪುಟದಲ್ಲಿ ಒಂದು ಚಿತ್ರ ಬಂದಿತ್ತು. 1992ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಲ್ಯಾಂಡರ್ಸ್ ಎಂಬಲ್ಲಿ 7.3 ಪ್ರಮಾಣದ ಭೂಕಂಪವಾಗಿತ್ತು. ಯುರೋಪಿನ ಈಆರ್‌ಎಸ್-1 ಉಪಗ್ರಹ ಅದರ ಹಿಂದೆಯೂ ಮುಂದೆಯೂ ಆ ಜಾಗದ ಮೇಲೆ ಹಾದು ರಡಾರ್ ಚಿತ್ರ ತೆಗೆದಿತ್ತು. ಫ್ರಾನ್ಸಿನ ಡಿಡಿಯೆ ಮಾಸೊನೆ ಮತ್ತು ಸಂಗಡಿಗರು ಎರಡನ್ನೂ ಒಂದರ ಮೇಲೊಂದು ಕೂಡಿಸಿದಾಗ ಸ್ತರಭಂಗದ ಸುತ್ತ ಬಣ್ಣದ ಉಂಗುರಗಳು ಎದ್ದು ಕಂಡವು. ಒಂದೊಂದು ಪಟ್ಟಿಯೂ 28 ಮಿಲಿಮೀಟರ್ ಸರಿದಾಟ. ಯಾರೂ ಸರಪಳಿ ಹಿಡಿದು ಹೋಗದ ಬಯಲಿನಲ್ಲಿ, ಪ್ರತಿ ಗಜ ನೆಲವೂ ಎಷ್ಟು ಜರುಗಿತೆಂದು ಒಂದೇ ಹಾಳೆಯ ಮೇಲೆ ಬರೆದಂತಾಗಿತ್ತು.

ಅದು ನಡೆಯುವ ರೀತಿಯನ್ನು ನಮ್ಮ ಕಸುಬಿನವರಿಗೆ ನಾನು ಹೀಗೆ ಹೇಳುತ್ತೇನೆ. ಉಪಗ್ರಹ ತನ್ನ ಬದಿಗೆ ಓರೆಯಾಗಿ ರೇಡಿಯೊ ಅಲೆ ಬಿಡುತ್ತದೆ. ಅದಕ್ಕೆ ಕತ್ತಲೆಯ ಹಂಗಿಲ್ಲ, ಮೋಡದ ಅಡ್ಡಿಯಿಲ್ಲ. ಅಲೆ ನೆಲಕ್ಕೆ ಬಡಿದು ಮರಳಿದಾಗ, ತನ್ನ ಏರಿಳಿತದ ಯಾವ ಘಟ್ಟದಲ್ಲಿ ಅದು ಬಂದು ಮುಟ್ಟಿತು ಎಂಬುದನ್ನು ಉಪಕರಣ ಬರೆದುಕೊಳ್ಳುತ್ತದೆ. ಉದ್ದನೆಯ ಗೆರೆ ಅಳೆಯುವಾಗ ಪೂರ್ತಿ ಸರಪಳಿಗಳು ಎಷ್ಟು ಹೋದವೆಂದು ಮರೆತು, ಕೊನೆಯ ತುಂಡಿನ ಆಣೆಗಳನ್ನು ಮಾತ್ರ ಕರಾರುವಾಕ್ಕಾಗಿ ಓದಿಕೊಂಡಂತೆ ಇದು. ಉಪಗ್ರಹದಿಂದ ನೆಲಕ್ಕೆ ಒಟ್ಟು ಎಷ್ಟು ಅಲೆ ಹಿಡಿದವೆಂದು ಅದಕ್ಕೆ ಗೊತ್ತಿಲ್ಲ, ಕೊನೆಯ ತುಂಡು ಗೊತ್ತು. ಅದೇ ಉಪಗ್ರಹ ಅದೇ ದಾರಿಯಲ್ಲಿ ಮತ್ತೆ ಬಂದು ಅಳೆದಾಗ ಕೊನೆಯ ತುಂಡು ಬದಲಾಗಿದ್ದರೆ, ನೆಲ ಅದರ ಹತ್ತಿರಕ್ಕೋ ದೂರಕ್ಕೋ ಜರುಗಿದೆ. ಈಆರ್‌ಎಸ್-1ರ ಅಲೆಯ ಉದ್ದ ಸುಮಾರು 56 ಮಿಲಿಮೀಟರ್. ಹೋಗಿ ಬರುವ ದಾರಿಯಾದ್ದರಿಂದ ನೆಲ 28 ಮಿಲಿಮೀಟರ್ ಸರಿದರೆ ಸಾಕು, ಬಣ್ಣದ ಒಂದು ಸುತ್ತು ಮುಗಿಯುತ್ತದೆ. ಅಲುಗದ ನೆಲದಿಂದ ಶುರು ಮಾಡಿ ಪಟ್ಟಿಗಳನ್ನು ಎಣಿಸುತ್ತ ಒಳಗೆ ಹೋದರೆ ಒಟ್ಟು ಸರಿದಾಟ ಸಿಗುತ್ತದೆ. ಈ ವಿದ್ಯೆಯನ್ನು ಬಲ್ಲವರು ಇನ್‌ಸಾರ್ ಎನ್ನುತ್ತಾರೆ.

ಲ್ಯಾಂಡರ್ಸಿಗಿಂತ ಮೊದಲಿನ ಒಂದು ಪ್ರಯೋಗ ನನಗೆ ಇನ್ನೂ ಪ್ರಿಯವಾದದ್ದು. 1978ರಲ್ಲಿ ಅಮೆರಿಕ ಸೀಸ್ಯಾಟ್ ಎಂಬ ಉಪಗ್ರಹ ಹಾರಿಸಿತು. ನೂರು ಚಿಲ್ಲರೆ ದಿನ ದುಡಿದು ಅದು ಕೆಟ್ಟು ನಿಂತಿತು. ಆದರೆ ಅದು ಕಳಿಸಿದ ಚಿತ್ರಗಳು ಉಳಿದಿದ್ದವು. ಹತ್ತು ವರ್ಷದ ನಂತರ ಗೇಬ್ರಿಯಲ್, ಗೋಲ್ಡ್‌ಸ್ಟೈನ್ ಮತ್ತು ಜೆಬ್ಕರ್ ಎಂಬ ಮೂವರು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಹೊಲಗಳ ಚಿತ್ರಗಳನ್ನು ಕೂಡಿಸಿ ನೋಡಿದರು. ಕೆಲವು ಹೊಲಗಳು ಮಾತ್ರ ಬಣ್ಣ ಬದಲಿಸಿದ್ದವು, ಅದೂ ಸರಿಯಾಗಿ ಬದುವಿನಿಂದ ಬದುವಿಗೆ. ನೀರು ಹಾಯಿಸಿದ ಹೊಲಗಳು ಅವು. ಅಲ್ಲಿನ ಜಿಗುಟು ಮಣ್ಣು ನೀರು ಕುಡಿದು ಸೆಂಟಿಮೀಟರ್ ಲೆಕ್ಕದಲ್ಲಿ ಉಬ್ಬಿದ್ದನ್ನು ರಡಾರ್ ಬಾನಿನಿಂದ ಹಿಡಿದಿತ್ತು. 1989ರಲ್ಲಿ ಅವರು ಅದನ್ನು ಪ್ರಕಟಿಸಿದರು. ನೆಲದ ಸಣ್ಣ ಏರಿಳಿತವನ್ನು ಉಪಗ್ರಹದಿಂದ ಅಳೆಯಬಹುದೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ನೀರು ಹಾಯಿಸಿದ ಹೊಲ. ಎರೆ ತಾನೇ ಸರಿಯುತ್ತದೆಂದು ನನ್ನ ಮುಂದೆ ಆಣೆ ಮಾಡಿದ ರೈತರೆಲ್ಲರ ಪರವಾಗಿ ಆ ಪ್ರಬಂಧ ಸಾಕ್ಷಿ ಹೇಳುತ್ತದೆ.

ಅದೇ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಹಾಕಿ, ತಾವೇ ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರು ಅದಕ್ಕೆ ಸಲ್ಲುತ್ತದೆ. ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಕಬ್ಬು ಬಂತು. ಮನೆಗಳಿಗೆ ಅನ್ನ ಬಂತು. ಆದರೆ ರಡಾರಿಗೆ ಕಬ್ಬು ಕಷ್ಟದ ಬೆಳೆ. ಈಆರ್‌ಎಸ್‌ನಂಥ ಸಣ್ಣ ಅಲೆ ಎಲೆಗಳಿಗೇ ಬಡಿದು ಮರಳುತ್ತದೆ, ನೆಲವನ್ನು ಮುಟ್ಟುವುದಿಲ್ಲ. ಮುಂದಿನ ಸಲ ಬರುವ ಹೊತ್ತಿಗೆ ಎಲೆ ಬೆಳೆದಿರುತ್ತದೆ, ಗಾಳಿಗೆ ಹೊರಳಿರುತ್ತದೆ, ಇಲ್ಲವೇ ಕಬ್ಬು ಕಾರ್ಖಾನೆಗೆ ಹೋಗಿರುತ್ತದೆ. ಎರಡು ಚಿತ್ರಗಳಿಗೆ ಹೊಂದಿಕೆಯೇ ಇರುವುದಿಲ್ಲ. ಮರುಭೂಮಿಯಲ್ಲಿ ಕನ್ನಡಿಯಂತೆ ಕಂಡ ವಿದ್ಯೆ ಕೃಷ್ಣೆಯ ದಂಡೆಯಲ್ಲಿ ಕುರುಡಾಗುವುದು ಈ ಕಾರಣಕ್ಕೆ. ಇದಕ್ಕೆ ಮಿಲಾನ್‌ನ ವಿದ್ಯಾಲಯದ ಫೆರೆಟ್ಟಿ, ಪ್ರಾಟಿ, ರೊಕ್ಕಾ ಎಂಬವರು 1990ರ ದಶಕದ ಕೊನೆಯಲ್ಲಿ ಒಂದು ಉಪಾಯ ಹುಡುಕಿದರು. ಬೆಳೆಯನ್ನು ಬಿಟ್ಟುಬಿಡುವುದು, ವರ್ಷಾನುಗಟ್ಟಲೆ ಬದಲಾಗದೆ ಒಂದೇ ರೀತಿ ಅಲೆ ಮರಳಿಸುವ ಮನೆಯ ಮೂಲೆ, ಸೇತುವೆಯ ಕಟ್ಟೆ, ಹೊರಚಾಚಿದ ಬಂಡೆ ಇಂಥವನ್ನೇ ಆರಿಸಿ ಹಿಂಬಾಲಿಸುವುದು. ಅವೇ ಬಾಂದುಗಲ್ಲುಗಳು, ಯಾರೂ ಹುಗಿಯದೇ ಇದ್ದಂಥವು.

ವಿದ್ಯೆ ಇದ್ದೂ ಉಪಗ್ರಹ ಕೈಕೊಟ್ಟ ಕತೆಯನ್ನೂ ಹೇಳಲೇಬೇಕು, ಅದು ಅದೇ ಕಛ್‌ನ ಭುಜ್‌ನದು. 2001ರ ಜನವರಿ 26ರ ಭೂಕಂಪದಲ್ಲಿ ಸ್ತರಭಂಗ ನೆಲದ ಮೇಲೆ ತನ್ನ ಮುಖ ತೋರಿಸಲಿಲ್ಲ, ಒಳಗೇ ಮುರಿಯಿತು. ಉಪಗ್ರಹದ ಅಳತೆ ಅತ್ಯಂತ ಬೇಕಾಗಿದ್ದ ಹೊತ್ತು ಅದು. ಆದರೆ ಈಆರ್‌ಎಸ್-1 ಹಿಂದಿನ ವರ್ಷವೇ ನಿಂತುಹೋಗಿತ್ತು, ಈಆರ್‌ಎಸ್-2ರ ದಿಕ್ಕು ಹಿಡಿಯುವ ಗೈರೋಸ್ಕೋಪುಗಳು ಅದೇ ಜನವರಿಯಲ್ಲಿ ಕೈಕೊಟ್ಟಿದ್ದವು. ಸಿಕ್ಕ ಅಷ್ಟಿಷ್ಟು ಚಿತ್ರಗಳಿಂದಲೇ ಶ್ಮಿಟ್ ಮತ್ತು ಬರ್ಗ್‌ಮನ್ 2006ರಲ್ಲಿ ಒಳಗಿನ ಮುರಿತದ ಅಂದಾಜು ಕೊಟ್ಟರು. ಆಮೇಲೆ ಕಾಲ ಸುಧಾರಿಸಿತು. 2014ರಲ್ಲಿ ಯುರೋಪಿನ ಸೆಂಟಿನೆಲ್-1 ಹಾರಿ, 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತ, ಚಿತ್ರಗಳನ್ನು ಜಗತ್ತಿಗೆಲ್ಲ ಪುಕ್ಕಟೆ ಕೊಡತೊಡಗಿತು. ಮರುವರ್ಷ ಏಪ್ರಿಲ್ 25ರ ನೇಪಾಳದ ಭೂಕಂಪವಾದಾಗ, ಕಠ್ಮಂಡುವಿನ ಸುತ್ತಿನ ನೆಲ ಸುಮಾರು ಒಂದು ಮೀಟರ್ ಎದ್ದದ್ದು, ಅದರ ಉತ್ತರದ ಹಿಮಾಲಯ ಇಳಿದದ್ದು ಕೆಲವೇ ದಿನಗಳಲ್ಲಿ ಕಂಡುಬಂತು.

ನಮ್ಮ ದಕ್ಷಿಣದಲ್ಲೂ ಒಂದು ಮರು ಅಳತೆ ನಡೆದದ್ದಿದೆ. ಕಿಲ್ಲಾರಿಯ ಮರುವರ್ಷ, 1994ರಲ್ಲಿ, ಬೆಂಗಳೂರಿನ ವಿನೋದ್ ಗೌರ್ ಅವರ ಬಳಗ ಮತ್ತು ಬಿಲ್‌ಹ್ಯಾಮ್ ಸೇರಿ ಮಹಾ ತ್ರಿಕೋನಮಿತಿಯ ಹಳೇ ಬಿಂದುಗಳನ್ನು ಹುಡುಕಿ ಜಿಪಿಎಸ್‌ನಿಂದ ಅಳೆದರು. 1864ರ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ 130 ವರ್ಷದಲ್ಲಿ ಪರ್ಯಾಯದ್ವೀಪದ ಮೈ ಹಿಗ್ಗಿ ಕುಗ್ಗಿದ್ದು ನಗಣ್ಯ. ಹಾಗೆಂದು ಅದು ನಿಂತಲ್ಲೇ ನಿಂತಿಲ್ಲ. ಇಡೀ ಭಾರತ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸಾಗುತ್ತಿದೆ. ನಾನು ಹುಟ್ಟಿದಂದಿನಿಂದ ಸಾವಳಗಿ ಮೂರು ಮೀಟರಿಗೂ ಹೆಚ್ಚು ಜರುಗಿದೆ. ನೆರೆಹೊರೆಯ ಬಾಂದುಗಲ್ಲುಗಳೆಲ್ಲ ಒಟ್ಟಿಗೇ ಹೊರಟಿರುವುದರಿಂದ ಅದು ತಕರಾರಿಗೆ ಬಂದಿಲ್ಲ. ಆ ನಡಿಗೆಗೆ ಹಿಮಾಲಯದಲ್ಲಿ ತಡೆ ಬೀಳುತ್ತದೆ. ಆ ಒತ್ತಡವನ್ನು ಬೆನ್ನಿಗೆ ಹೊತ್ತು ನಮ್ಮ ಹಳೇ ಬಂಡೆಯೂ ಬಿಗಿದು ನಿಂತಿದೆ. ಎಲ್ಲಿ ಹಳೇ ಗಾಯವಿದೆಯೋ ಅಲ್ಲಿ, ಸಾವಿರಾರು ವರ್ಷಕ್ಕೊಮ್ಮೆ, ಕಿಲ್ಲಾರಿಯಂತೆ ಬಾಯಿ ಬಿಡುತ್ತದೆ.

2022ರ ಜುಲೈ 9ರ ಬೆಳಿಗ್ಗೆ 6 ಗಂಟೆ 22 ನಿಮಿಷಕ್ಕೆ ಮತ್ತೆ ನಮ್ಮ ಮನೆಯ ಪಾತ್ರೆಗಳು ಸದ್ದು ಮಾಡಿದವು. ಕೇಂದ್ರಬಿಂದು ವಿಜಯಪುರ ತಾಲ್ಲೂಕಿನ ಕನ್ನೂರಿನ ಹತ್ತಿರ, ಪ್ರಮಾಣ 4.4 ಎಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಮೊಮ್ಮಗಳು ಮೊಬೈಲಿನಲ್ಲಿ ಸುದ್ದಿ ಹುಡುಕುತ್ತ, "ಅಜ್ಜಾ, ಉಪಗ್ರಹದಾಗ ಇದು ಕಾಣತೈತೇನು?" ಎಂದು ಕೇಳಿದಳು. ಇಷ್ಟು ಸಣ್ಣ ಕಂಪನದಲ್ಲಿ ನೆಲದ ಮೇಲ್ಮೈ ರಡಾರಿಗೆ ಕಾಣುವಷ್ಟು ಸರಿಯುವುದಿಲ್ಲ ಎಂದೆ. ಆಳ ಕಡಿಮೆಯಿದ್ದು, ಪ್ರಮಾಣ 5 ದಾಟಿದರೆ ಕಾಣಬಹುದು. ಈ ವಿದ್ಯೆ ನಾಳೆ ಭೂಕಂಪವಾಗುತ್ತದೆಂದು ಹೇಳಲಾರದು ಎಂಬುದನ್ನೂ ಹೇಳಿದೆ. ಎಲ್ಲಿ ನೆಲ ಬಾಗುತ್ತಿದೆ, ಎಲ್ಲಿ ಸ್ತರಭಂಗ ಅಡಗಿದೆ, ಎಲ್ಲಿ ಗಟ್ಟಿಯಾಗಿ ಮನೆ ಕಟ್ಟಬೇಕು ಎಂಬುದನ್ನು ತೋರಿಸಿಕೊಡುತ್ತದೆ. ಕಲ್ಲುಮಣ್ಣಿನ ಮನೆಯಲ್ಲಿ ಮಲಗುವವರಿಗೆ ಅದು ಸಣ್ಣ ಉಪಕಾರವಲ್ಲ.

2025ರ ಜುಲೈ 30ರ ಸಂಜೆ ಶ್ರೀಹರಿಕೋಟಾದಿಂದ ನಿಸಾರ್ ಎಂಬ ರಡಾರ್ ಉಪಗ್ರಹ ಹಾರಿದ್ದನ್ನು ಟಿವಿಯಲ್ಲಿ ನೋಡಿದೆ. ನಾಸಾ ಒಂದು ರಡಾರ್ ಮಾಡಿತು, ಇಸ್ರೊ ಇನ್ನೊಂದು. ಎರಡನ್ನೂ ಕೂಡಿಸಿ, ಪರೀಕ್ಷಿಸಿ ಉಪಗ್ರಹವಾಗಿ ನಿಲ್ಲಿಸಿದ್ದು ಬೆಂಗಳೂರಿನಲ್ಲಿ. 747 ಕಿಲೋಮೀಟರ್ ಎತ್ತರದಲ್ಲಿ, 12 ಮೀಟರ್ ಅಗಲದ ಜಾಲರಿ ಅಂಟೆನಾ ಬಿಚ್ಚಿಕೊಂಡು, 12 ದಿನಕ್ಕೊಮ್ಮೆ ಅದೇ ದಾರಿಗೆ ಬಂದು ಭೂಮಿಯ ನೆಲವನ್ನೆಲ್ಲ ಅದು ಅಳೆಯುತ್ತದೆ. ಅದರ ಒಂದು ಅಲೆಯ ಉದ್ದ 24 ಸೆಂಟಿಮೀಟರ್. ಎಲೆಗಳ ನಡುವೆ ನುಸುಳಿ ನೆಲ ಮುಟ್ಟಿ ಬರುವ ಶಕ್ತಿ ಈಆರ್‌ಎಸ್‌ಗಿಂತ ಅದಕ್ಕೆ ಬಹಳ ಹೆಚ್ಚು. ಕಿಲ್ಲಾರಿಗೆ ಇಲ್ಲದೇ ಹೋದ ಮೊದಲ ಅಳತೆ ಈಗ ಸಾವಳಗಿಗೂ, ತೇರದಾಳಕ್ಕೂ, ಬನಹಟ್ಟಿಗೂ ಕೇಳದೆಯೇ ಬರೆದಿಡಲ್ಪಡುತ್ತಿದೆ.

ಇದರ ಜೊತೆ ನೆಲದ ಮೇಲೆ ನಮ್ಮಿಂದ ಆಗಬೇಕಾದ ಎರಡು ಕೆಲಸಗಳಿವೆ. ಒಂದು, ಹಳೇ ಟಿಪ್ಪಣಿಗಳು. ಗೆದ್ದಲು ತಿಂದ ಕಟ್ಟುಗಳನ್ನು ನಾನು ಕೈಯಾರೆ ಬಿಚ್ಚಿದ್ದೇನೆ. ಅಳತೆಯ ತಾರೀಖಿನ ಸಮೇತ ಅವನ್ನು ಚಿತ್ರ ತೆಗೆದು ಇಡಬೇಕು. ಶಿಲ್ಲಾಂಗಿನ ಪುಸ್ತಕದಿಂದ ಏನು ಹೊರಬೀಳುತ್ತದೆಂದು 1897ರಲ್ಲಿ ಅದನ್ನು ಬರೆದವನಿಗೆ ಗೊತ್ತಿರಲಿಲ್ಲ. ಎರಡು, ರಡಾರಿಗೊಂದು ಗುರುತುಗಲ್ಲು. ಮೂರು ಲೋಹದ ತಗಡುಗಳನ್ನು ಒಂದು ಮೂಲೆಗೆ ಕೂಡುವಂತೆ ಬೆಸೆದು ಬಂಡೆಗೆ ಬಿಗಿದರೆ, ಉಪಗ್ರಹದ ಅಲೆ ಬಂದ ದಾರಿಯಲ್ಲೇ ನೇರ ಮರಳುತ್ತದೆ. ಕಬ್ಬಿನ ಸಮುದ್ರದ ನಡುವೆಯೂ ಅದೊಂದು ಚುಕ್ಕೆ ಪ್ರತಿ ಚಿತ್ರದಲ್ಲೂ ಹೊಳೆಯುತ್ತದೆ. ಅದನ್ನು ಎರೆಯಲ್ಲಿ ಹುಗಿಯಬಾರದು, ಹುಗಿದರೆ ಅದು ಮಣ್ಣಿನ ಸುದ್ದಿ ಹೇಳುತ್ತದೆಯೇ ಹೊರತು ಬಂಡೆಯದಲ್ಲ. ಮಡ್ಡಿಯ ಮೇಲೆ, ಕರಿಕಲ್ಲಿನ ಹಾಸು ಹೊರಬಂದ ಕಡೆ ನಿಲ್ಲಿಸಬೇಕು. ಅಂಥ ಜಾಗಗಳು ನಮ್ಮ ಮೂರು ತಾಲ್ಲೂಕುಗಳಲ್ಲಿ ಎಲ್ಲೆಲ್ಲಿವೆ, ಯಾವುದು ಸರ್ಕಾರಿ ಪಡ, ಯಾವುದರ ಸುತ್ತ ಬೆಳೆ ಬರುವುದಿಲ್ಲ ಎಂದು ನನಗೆ ಗೊತ್ತು. ಹಾಕಲು ಬರುವವರಿದ್ದರೆ ಸರ್ವೇ ನಂಬರ್ ಸಮೇತ ಕರೆದುಕೊಂಡು ಹೋಗಿ ತೋರಿಸುತ್ತೇನೆ.